ಕೆಳಗಿಟ್ಟ ಚಾಕು

ಕಿಸೆಯಲ್ಲಿ ಚಾಕು ಇಟ್ಟುಕೊಂಡವನ ನಡಿಗೆಯೇ ಬೇರೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಹಾಗಂತ ನನ್ನನ್ನು ಪುಂಡರ ಪೈಕಿ ಸೇರಿಸಿಬಿಡಬೇಡಿ. ಖಾನಾಪುರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದ ಮಾಸ್ತರ ನಾನು. ಎರಡು ಕೋಳಿ ಜಗಳಾಡುತ್ತಿದ್ದರೂ ರಸ್ತೆಯ ಆಚೆ ಬದಿಗೆ ದಾಟಿ ಹೋಗುವ ಸ್ವಭಾವ. ಅಂಥವನು ಒಂದು ಇಡೀ ತಿಂಗಳು ಚಾಕು ಹೊತ್ತು ತಿರುಗಿದೆ, ಅದೂ ಹೆಂಡತಿ ಹಾಕಿದ ಷರತ್ತಿನ ಮೇಲೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಆಗ ನಮ್ಮ ಬೆಳಗಾವಿಗೆ ಪರದೇಶ ಅಂದರೆ ಗೋವಾ. ಸೆಂಟು, ನೈಲಾನ್ ಸೀರೆ, ಬಣ್ಣದ ಛತ್ರಿ, ಎಲ್ಲ ಆ ಕಡೆಯಿಂದಲೇ ಬರಬೇಕು. ನನ್ನ ಭಾವಮೈದುನ ಮಲ್ಲು ಅಲ್ಲಿನ ಬಂದರಿನಲ್ಲಿ ನೌಕರಿ ಮಾಡುತ್ತಿದ್ದ. ಶ್ರಾವಣ ಮುಗಿಯುವ ಹೊತ್ತಿಗೆ ಹಿಂದವಾಡಿಯ ನಮ್ಮ ಮನೆಗೆ ಬಂದವನು ನನಗೆಂದು ಕೆಂಪು ಬಣ್ಣದ ಒಂದು ವಸ್ತು ತಂದ. ಮುಚ್ಚಿದಾಗ ಹೆಬ್ಬೆರಳಿಗಿಂತ ಸ್ವಲ್ಪ ಉದ್ದ. ಬಿಡಿಸಿದರೆ ನಾಲ್ಕೂ ಕಡೆಗೆ ಕೈಕಾಲು ಚಾಚುತ್ತಿತ್ತು. ದೊಡ್ಡ ಅಲಗು, ಸಣ್ಣ ಅಲಗು, ಕತ್ತರಿ, ಸ್ಕ್ರೂ ತಿರುಗಿಸುವುದು, ಡಬ್ಬಿ ಕೊರೆಯುವುದು, ಹಲ್ಲುಕಡ್ಡಿ, ಮುಳ್ಳು ತೆಗೆಯುವ ಚಿಮಟಿಗೆ. ಹಂದಿಯ ಬಾಲದಂತೆ ಸುರುಳಿ ಸುತ್ತಿದ ಇನ್ನೊಂದಿತ್ತು. ಅದು ಯಾವ ಬಾಟಲಿಯ ಬೂಚು ಕೀಳಲಿಕ್ಕೆ ಎಂಬುದು ನನಗೂ ಮಲ್ಲುವಿಗೂ ಗೊತ್ತು. ಅವ್ವ ಕೇಳಿದಾಗ ಬಿಗಿದ ಗಂಟು ಬಿಚ್ಚುವುದಕ್ಕೆ ಎಂದೆವು. ಹಲ್ಲು ಹಲ್ಲಾಗಿದ್ದ ಉದ್ದನೆಯ ಪಟ್ಟಿಯೊಂದು ಮೀನಿನ ಪೊರೆ ಕೆರೆಯುವುದಕ್ಕೆ ಇದ್ದದ್ದು. ಮೂರು ಹೊತ್ತು ಲಿಂಗಪೂಜೆ ನಡೆಯುವ ಮನೆಯಲ್ಲಿ ಅದನ್ನು ಹೇಳುವುದು ಹೇಗೆ? ಪುಣ್ಯಕ್ಕೆ ಅದರ ಅಂಚಿನಲ್ಲಿ ಅಳತೆಯ ಗೆರೆಗಳಿದ್ದವು. ಅದು ಅಳತೆಪಟ್ಟಿ ಎಂದು ತೀರ್ಮಾನವಾಯಿತು.

ಮಲ್ಲು ಅದನ್ನು ನನ್ನ ಕಡೆ ಚಾಚಿದ. ನಾನು ಕೈ ಒಡ್ಡಿದೆ. ಅವ್ವ ಒಳಗಿನಿಂದಲೇ ಕೂಗಿದಳು.

"ಏ ಮಲ್ಲು, ಚಾಕು ಕೈಯಾಗ ಕೊಡಬ್ಯಾಡೋ! ಕೆಳಗ ಇಡು, ಅಂವ ತಗೋತಾನ. ಕೈಯಿಂದ ಕೈಗೆ ಕೊಟ್ರ ಜಗಳ ಬೀಳತೈತಿ."

ಮಲ್ಲು ಕೆಳಗಿಟ್ಟ, ನಾನು ಎತ್ತಿಕೊಂಡೆ. ಉಪ್ಪು, ಮೆಣಸಿನಕಾಯಿ, ಸೂಜಿ, ಚಾಕು, ಇವನ್ನು ಕೈಯಿಂದ ಕೈಗೆ ದಾಟಿಸಬಾರದು ಎಂಬುದು ನಿಮ್ಮ ಮನೆಯಲ್ಲೂ ಇದ್ದೇ ಇರುತ್ತದೆ. ಇದಕ್ಕೆ ಭೌತಶಾಸ್ತ್ರದಲ್ಲಿ ಯಾವ ಆಧಾರವೂ ಇಲ್ಲ ಎಂದು ಅವ್ವನಿಗೆ ತಿಳಿಸಿ ಹೇಳಿದೆ. ಭೌತಶಾಸ್ತ್ರಕ್ಕೆ ಇನ್ನೂ ಮದುವೆಯಾಗಿಲ್ಲ ಅನ್ನುವ ಹಾಗೆ ನನ್ನನ್ನು ನೋಡಿ ಅವಳು ಒಳಗೆ ಹೋದಳು. ಆಮೇಲೆ ಆ ಚಾಕನ್ನು ಇಸಿದುಕೊಂಡು ಹುಣಸೆಹಣ್ಣು ಹಚ್ಚಿ ತಿಕ್ಕಿ, ವಿಭೂತಿ ಹಚ್ಚಿ ಬಿಸಿಲಿಗಿಟ್ಟಳು. ಗೋವಾದಿಂದ ಬಂದ ವಸ್ತು, ಏನೇನು ಮುಟ್ಟಿದೆಯೋ ಎಂಬ ಅನುಮಾನ. ಹೊಸದು, ಡಬ್ಬಿಯಿಂದ ಈಗಷ್ಟೇ ತೆಗೆದದ್ದು ಎಂದು ಮಲ್ಲು ಆಣೆ ಮಾಡಿದರೂ ಕೇಳಲಿಲ್ಲ.

ನನ್ನ ಹೆಂಡತಿ ಗಿರಿಜೆಯ ತಕರಾರು ಬೇರೆ. ನಮ್ಮ ಮನೆಯಲ್ಲಿ ಹರಿತವಾದ ಪ್ರತಿಯೊಂದಕ್ಕೂ ಅದರದೇ ಕೆಲಸ, ಅದರದೇ ಜಾಗ. ಕಾಯಿಪಲ್ಯೆಗೆ ಈಳಿಗೆ, ಅಡಿಕೆಗೆ ಅಡಕತ್ತರಿ, ಹುಲ್ಲಿಗೆ ಕುಡುಗೋಲು, ಬಟ್ಟೆಗೆ ಕತ್ತರಿ, ನನ್ನ ಪೆನ್ಸಿಲಿಗೆ ಗಡ್ಡ ಹೆರೆದು ಬಿಟ್ಟ ಬ್ಲೇಡು. ಒಂದು ಇನ್ನೊಂದರ ಕೆಲಸಕ್ಕೆ ಕೈ ಹಾಕಿದ್ದನ್ನು ನಾನು ಕಂಡಿಲ್ಲ. ಹೀಗಿರುವಾಗ ಎಲ್ಲ ಕೆಲಸ ನಾನೊಬ್ಬನೇ ಮಾಡುತ್ತೇನೆ ಎಂದು ಬಂದವನನ್ನು ಯಾರು ನಂಬುತ್ತಾರೆ?

"ಈ ಅಮಾಸಿಯಿಂದ ಬರೂ ಅಮಾಸಿತನಾ ಕಿಸೇದಾಗ ಇಟಗೊಂಡು ತಿರಗ್ರಿ," ಅಂದಳು. "ಇದಿಲ್ಲದ ಆಗೂದs ಇಲ್ಲ ಅನ್ನುವಂಥಾ ಕೆಲಸ ಒಂದರೆ ಮಾಡಿ ತೋರಸ್ರಿ, ನಿಮ್ಮದು. ಇಲ್ಲಾಂದ್ರ ಅಡಗಿಮನ್ಯಾಗ ಇರಲಿ. ಡಬ್ಬಿ ತೆಗ್ಯಾಕ ಬರತೈತಿ."

ಚೌತಿಗೆ ಮುಂಚಿನ ಬೆನಕನ ಅಮಾವಾಸ್ಯೆಯಿಂದ ದಸರೆಗೆ ಮುಂಚಿನ ಮಹಾನವಮಿ ಅಮಾವಾಸ್ಯೆಯವರೆಗೆ. ನಾನು ಒಪ್ಪಿದೆ.

ಮೊದಲ ಕೆಲವು ದಿನ ನಾನು ಕೆಲಸ ಹುಡುಕಿಕೊಂಡು ಹೋದೆ. ಸಡಿಲವಾದ ಸ್ಕ್ರೂ ಎಲ್ಲಾದರೂ ಕಂಡೀತೇ ಎಂದು ಮನೆಯ ಬಾಗಿಲು, ಕಪಾಟು, ಹೊಲಿಗೆ ಯಂತ್ರ ಎಲ್ಲ ತಡವಿದೆ. ಎಲ್ಲವೂ ಬಿಗಿಯಾಗಿದ್ದವು. ನಮ್ಮ ಮನೆ ಇಷ್ಟು ಅಚ್ಚುಕಟ್ಟಾಗಿದೆ ಎಂದು ಗೊತ್ತಾದದ್ದೇ ಆಗ, ಸ್ವಲ್ಪ ಬೇಜಾರೂ ಆಯಿತು. ಕೊನೆಗೆ ರೇಡಿಯೋದ ಬೆನ್ನು ಬಿಚ್ಚಿ ಧೂಳು ಒರೆಸಿ ಮತ್ತೆ ಮುಚ್ಚಿದೆ. ಎರಡು ಸ್ಕ್ರೂ ಮಿಕ್ಕವು. ರೇಡಿಯೋ ಮಾತ್ರ ಮೊದಲಿಗಿಂತ ಚೆನ್ನಾಗಿ ಹಾಡಿತು. ಇದನ್ನು ಲೆಕ್ಕಕ್ಕೆ ಹಿಡಿಯಬೇಕು ಎಂದೆ. ಮಳೆ ನಿಂತದ್ದರಿಂದ ಹಾಡುತ್ತಿದೆ ಎಂದು ಗಿರಿಜೆ ವಾದಿಸಿದಳು. ನಮ್ಮ ಓಣಿಯ ಗಣಪತಿ ಮಂಟಪಕ್ಕೆ ಬಣ್ಣದ ಕಾಗದ ಕತ್ತರಿಸಿಕೊಡಲು ಹೋದೆ. ಚಾಕಿನೊಳಗಿನ ಕತ್ತರಿ ನನ್ನ ಕಿರುಬೆರಳಿನಷ್ಟು. ನಾನು ಒಂದು ಬಾವುಟದ ಮೂಲೆ ತಿರುಗಿಸುವಷ್ಟರಲ್ಲಿ ಎದುರು ಮನೆಯ ಹುಡುಗಿ ದರ್ಜಿ ಕತ್ತರಿ ತಂದು ಉಳಿದದ್ದನ್ನೆಲ್ಲ ಮುಗಿಸಿದಳು.

ಸಾಲೆಯಲ್ಲಿ ಹೆಸರು ಬಂತು, ಕೆಲಸ ಬರಲಿಲ್ಲ. ಕಣಕುಂಬಿಯ ಕಡೆಯವರಾದ ನಮ್ಮ ಗುಮಾಸ್ತರು ದಿನಕ್ಕೊಮ್ಮೆ "ಬಘೂ, ಬಘೂ", ನೋಡೋಣ ನೋಡೋಣ, ಎಂದು ಮರಾಠಿಯಲ್ಲಿ ಕೇಳುತ್ತ ಬರುತ್ತಿದ್ದರು. ಒಂದೊಂದೇ ಅಂಗ ಬಿಡಿಸಿ ನೋಡಿ, "ಲೈ ಭಾರಿ ಐತ್ರಿ ಮಾಸ್ತರ" ಎಂದು ಮೆಚ್ಚಿ, ಮಡಚಿ, ಪೆನ್ಸಿಲ್ ಕೆತ್ತಲು ತಮ್ಮ ಬ್ಲೇಡನ್ನೇ ಹುಡುಕಿಕೊಂಡು ಹೋಗುತ್ತಿದ್ದರು.

ಇಲ್ಲಿ ಪದ್ಮಣ್ಣನವರ ಮಾತು ಬರಬೇಕು. ಅವರದು ಅನಗೋಳದ ಹಳೆಯ ಜೈನ ಮನೆತನ. ನಮ್ಮ ಸಾಲೆಯಲ್ಲೇ ಗಣಿತ ಕಲಿಸುತ್ತಿದ್ದರು. ವರ್ಷಗಟ್ಟಲೆ ನಾವಿಬ್ಬರೂ ಒಂದೇ ರೈಲಿನಲ್ಲಿ, ಒಂದೇ ಡಬ್ಬಿಯಲ್ಲಿ, ಒಂದೇ ಬಾಕಿನ ಮೇಲೆ ಬೆಳಗಾವಿಯಿಂದ ಖಾನಾಪುರಕ್ಕೆ ಹೋಗಿ ಬಂದವರು. ಹೋಗುವಾಗ ಕಿಡಕಿಯ ಜಾಗ ಅವರದು, ಬರುವಾಗ ನನ್ನದು. ಇದನ್ನು ಯಾರೂ ಗೊತ್ತುಮಾಡಿದ್ದಲ್ಲ. ನನ್ನ ಅವ್ವನನ್ನು ಅವರೂ ಅವ್ವ ಎಂದೇ ಕರೆಯುತ್ತಿದ್ದರು.

ಹೀಗೆ ಗೆಳೆಯರಾಗಿದ್ದವರು ದಾರಿಯುದ್ದಕ್ಕೂ ಮಾಡುತ್ತಿದ್ದದ್ದು ವಾದ. ಚಾತುರ್ಮಾಸ ಬಂತೆಂದರೆ ಪದ್ಮಣ್ಣ ನೆಲದೊಳಗೆ ಬೆಳೆದದ್ದನ್ನು ಮುಟ್ಟುತ್ತಿರಲಿಲ್ಲ. ನಾನು ವಿಜ್ಞಾನದ ಮಾಸ್ತರ. ಬಟಾಟೆ ಬೇರಲ್ಲ, ಅದು ಕಾಂಡ. ಉಳ್ಳಾಗಡ್ಡಿಯಂತೂ ಬರೀ ಎಲೆ, ಒಂದರ ಮೇಲೊಂದು ಮಡಚಿದ ಎಲೆ. ಆದ್ದರಿಂದ ನಿಮ್ಮ ವ್ರತಕ್ಕೂ ಅದಕ್ಕೂ ಸಂಬಂಧವಿಲ್ಲ ಎಂದು ಸಸ್ಯಶಾಸ್ತ್ರ ಬಿಚ್ಚುತ್ತಿದ್ದೆ. ಅವರು ನಗುತ್ತ ಕೇಳಿ, "ಎಲಿ ಆದ್ರ ಮ್ಯಾಲ ಬರಲಿ, ಆಗ ನೋಡೂಣು" ಎನ್ನುತ್ತಿದ್ದರು. ಒಮ್ಮೆ ಮಾತಿನ ಭರದಲ್ಲಿ, "ಒಂದಿನ ನಿಮಗ ಗೊತ್ತಾಗದಂಗ ತಿನ್ನಿಸ್ತೇನಿ ನೋಡ್ರಿ" ಎಂದುಬಿಟ್ಟಿದ್ದೆ. ಡಬ್ಬಿಯಲ್ಲಿದ್ದವರೆಲ್ಲ ನಕ್ಕಿದ್ದರು, ಅವರೂ ನಕ್ಕಿದ್ದರು.

ಗಣೇಶ ಚೌತಿಯ ಮರುದಿನದಿಂದ ಅವರ ದಶಲಕ್ಷಣ ಪರ್ವ. ಹತ್ತು ದಿನ, ದಿನಕ್ಕೊಂದು ಧರ್ಮ. ಮೊದಲನೆಯದು ಕ್ಷಮೆ. ಆ ದಿನಗಳಲ್ಲಿ ಪದ್ಮಣ್ಣ ಬೆಳಗ್ಗೆ ಬಸದಿಗೆ ಹೋಗಿ ಬಂದು ಒಂದೇ ಊಟ ಮಾಡಿ ರೈಲು ಹಿಡಿಯುತ್ತಿದ್ದರು. ಸಂಜೆ ಹೊತ್ತು ಮುಳುಗುವ ಮೊದಲು, ಬರುವ ರೈಲಿನಲ್ಲಿ, ತಮ್ಮ ಹಿತ್ತಲಿನ ಒಂದು ಪೇರಲ ಹಣ್ಣು. ಬೇರೆ ದಿನಗಳಲ್ಲಿ ಹೆಬ್ಬೆರಳಿನಿಂದ ಒಡೆದು ತಿನ್ನುತ್ತಿದ್ದರು. ಪರ್ವದಲ್ಲಿ ಹಾಗೆ ತಿನ್ನುವಂತಿಲ್ಲ. ಒಳಗೆ ಹುಳ ಇದ್ದರೆ? ತಿನ್ನುವವನ ಹೊಟ್ಟೆಗಿಂತ ಅವರಿಗೆ ಹುಳದ ಜೀವದ್ದು ಚಿಂತೆ. ತೆಳ್ಳಗೆ ಕೊಯ್ದು, ಬೆಳಕಿಗೆ ಹಿಡಿದು, ಹೋಳು ಹೋಳಾಗಿ ಪರೀಕ್ಷಿಸಿಯೇ ಬಾಯಿಗೆ. ಮನೆಯಲ್ಲೇ ಕೊಯ್ದು ತಂದರೆ ಸಂಜೆಯ ಹೊತ್ತಿಗೆ ಕಪ್ಪಾಗಿ ಹುಳವೂ ಕಾಣುವುದಿಲ್ಲ, ಹಣ್ಣೂ ಕಾಣುವುದಿಲ್ಲ.

"ಮಾಸ್ತರ, ನಿಮ್ಮ ಚಾಕು ಕೊಡ್ರಿ ಒಂದೀಟು," ಎಂದರು ಪರ್ವದ ಮೊದಲ ಸಂಜೆ.

ಆ ಮಾತು ಕೇಳಿ ನನ್ನ ಎದೆ ಉಬ್ಬಿತು. ಕೊನೆಗೂ ಒಬ್ಬ ಮನುಷ್ಯ ಅದನ್ನು ನೋಡಲಿಕ್ಕಲ್ಲ, ಕೆಲಸಕ್ಕೆ ಕೇಳಿದ. ರೈಲು ಅಲುಗಾಡುತ್ತಿತ್ತು, ಸೂರ್ಯ ಇಳಿಯುತ್ತಿದ್ದ. ಕೆಳಗಿಟ್ಟು ಎತ್ತಿಸುವ ಶಾಸ್ತ್ರಕ್ಕೆ ಎಲ್ಲಿಯ ಹೊತ್ತು? ಅಲಗು ಬಿಡಿಸಿ ಕೈಗೇ ಕೊಟ್ಟೆ. ಅವರು ಹಣ್ಣು ಕೊಯ್ದು, ನೋಡಿ, ತಿಂದು, ಒರೆಸಿ, ಕೈಗೇ ಹಿಂತಿರುಗಿಸಿದರು. ಯಾವ ಜಗಳವೂ ಆಗಲಿಲ್ಲ. ಮನೆಗೆ ಬಂದು ಅವ್ವನಿಗೆ ಇದನ್ನು ಒತ್ತಿ ಹೇಳಿದೆ. ಹಿಂಸೆ ತಪ್ಪಿಸುವ ಚಾಕು ಇಡೀ ಜಿಲ್ಲೆಯಲ್ಲಿ ಇದೊಂದೇ ಎಂದು ಗಿರಿಜೆಗೂ ಹೇಳಿದೆ.

ಪರ್ವದ ಎರಡನೆಯ ದಿನದ್ದು ಮಾರ್ದವ, ಅಂದರೆ ಅಹಂಕಾರ ಬಿಟ್ಟು ಮೆತ್ತಗಾಗುವುದು. ಆ ಸಂಜೆ ಪದ್ಮಣ್ಣ ಹಣ್ಣು ಕೊಯ್ದು, ಬೆಳಕಿಗೆ ಹಿಡಿದು, ಒಂದು ಹೋಳು ಬಾಯಿಗೆ ಹಾಕಿಕೊಂಡರು. ಅಗಿಯುವುದು ನಿಂತಿತು. ಉಳಿದ ಹೋಳನ್ನು ಮೂಗಿಗೆ ಹಿಡಿದರು. ಆಮೇಲೆ ಅಲಗನ್ನು ಹಿಡಿದರು.

"ಮಾಸ್ತರ, ಇದರಾಗ ಉಳ್ಳಾಗಡ್ಡಿ ವಾಸನಿ ಬರಾಕತ್ತೈತಿ."

ನಾನೂ ಮೂಸಿ ನೋಡಿದೆ. ಅನುಮಾನವೇ ಇಲ್ಲ. ಎಲ್ಲಿಂದ ಬಂತು ಎಂದು ತಿಳಿಯದೆ, ಗಾಬರಿಯಲ್ಲಿ, ನನಗೆ ನಗು ಬಂತು. ಕೆಲವರಿಗೆ ಗಾಬರಿಯಾದರೆ ಬೆವರು ಬರುತ್ತದೆ. ನನಗೆ ಹುಟ್ಟಿನಿಂದ ನಗು. ನಮ್ಮಪ್ಪನ ತಿಥಿಯ ದಿನ ಕಂಬಳಿಗೆ ಕಿಡಿ ಹಾರಿದಾಗಲೂ ನಕ್ಕು ಬೈಸಿಕೊಂಡಿದ್ದೆ. ಆದರೆ ಇದನ್ನೆಲ್ಲ ಆ ಹೊತ್ತಿನಲ್ಲಿ ವಿವರಿಸುವುದು ಹೇಗೆ?

"ನೀವು ಅಂದಿದ್ರಿ," ಎಂದರು ಪದ್ಮಣ್ಣ ತಣ್ಣಗೆ. "ಮಾಡಿ ತೋರಿಸಿದ್ರಿ."

ಚಾಕು ಮಡಚಿ ನನ್ನ ಅಂಗೈಯಲ್ಲಿಟ್ಟರು. ಬಾಯಲ್ಲಿದ್ದದ್ದನ್ನು ಕಿಡಕಿಯಾಚೆ ಉಗುಳಿ, ಹಣ್ಣನ್ನು ಚೀಲದಲ್ಲಿ ಹಾಕಿ, ದೇಸೂರು ನಿಲ್ದಾಣದಲ್ಲಿ ಇಳಿದು ಮುಂದಿನ ಡಬ್ಬಿ ಹತ್ತಿದರು.

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಅವ್ವ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತಲೂ ಇಲ್ಲ.

"ಉಳ್ಳಾಗಡ್ಡಿ ನಾ ಹೆಚ್ಚಿದ್ನೋ. ಮುಂಜಾನೆ ನೀ ಜಳಕಕ್ಕ ಹೋದಾಗ. ಅಷ್ಟು ಹೊಗಳತಿದ್ದೆಲ್ಲ, ಖರೇನ ಕೊಯ್ತೈತೇನಂತ ನೋಡಿದೆ. ಸೆರಗಿಲೆ ಒರಸಿ ಕೋಟಿನ ಕಿಸೇದಾಗ ಇಟ್ಟೆ."

"ಕೊಯ್ತ?" ಎಂದು ಗಿರಿಜೆ ಕೇಳಿದಳು.

"ಈಳಿಗಿಯಷ್ಟಿಲ್ಲ."

ಮರುದಿನದ್ದು ಆರ್ಜವ, ಅಂದರೆ ವಕ್ರವಿಲ್ಲದ ನೇರ ನಡತೆ. ಆ ದಿನ ಪದ್ಮಣ್ಣ ಪ್ರಾಯಶ್ಚಿತ್ತವೆಂದು ನೀರನ್ನೂ ಬಿಟ್ಟು ಉಪವಾಸ ಮಾಡಿದ್ದರು. ಬರಿಹೊಟ್ಟೆಯಲ್ಲಿ ಸಮೀಕರಣ ಬಿಡಿಸುತ್ತ, ನಡುನಡುವೆ ಕರಿಹಲಗೆಗೆ ಕೈ ಊರಿ ನಿಲ್ಲುತ್ತಿದ್ದರು. ಪಕ್ಕದ ವರ್ಗದ ಬಾಗಿಲಿನಿಂದ ಅದನ್ನು ನೋಡಿ ನನಗೆ ಬಹಳ ಕೆಟ್ಟೆನಿಸಿತು. ಬಿಡುವಿನಲ್ಲಿ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ನನಗೆ ಗೊತ್ತಿರಲಿಲ್ಲ, ಹೆಚ್ಚಿದವಳು ಅವ್ವ.

ಅವರು ಕೈಗಂಟಿದ ಸೀಮೆಸುಣ್ಣ ಒರೆಸಿಕೊಂಡರು.

"ಚ್ಯಾಷ್ಟಿ ಮಾಡಿದ್ದು ಹ್ವಾದ್ರ ಹೋಗಲಿ, ಮಾಸ್ತರ. ವಯಸ್ಸಾದ ತಾಯಿ ಮ್ಯಾಲ ಯಾಕ ಹಾಕತೀರಿ?"

ಸತ್ಯ ಹೇಳಿ ಹೀಗೆ ಕೆಟ್ಟವನಾದದ್ದು ನನ್ನ ಜೀವನದಲ್ಲಿ ಅದೇ ಮೊದಲು. ಸಾಕ್ಷಿ ಇಲ್ಲ, ಪ್ರಯೋಗ ಮಾಡಿ ತೋರಿಸುವಂತಿಲ್ಲ. ವಾಸನೆಗೆ ಯಾರು ಹೆಚ್ಚಿದರು ಎಂದು ಹೇಳುವ ಗುಣವಿಲ್ಲ.

ಆಮೇಲಿನ ದಿನಗಳು ಹೇಗೆ ಹೋದವೋ. ಹೋಗುವಾಗಲೂ ಬರುವಾಗಲೂ ಕಿಡಕಿಯ ಜಾಗ ನನ್ನದೇ. ಹೊರಗೆ ಭಾದ್ರಪದದ ಹಸಿರು ಖಾನಾಪುರದವರೆಗೆ ಹಾಸಿಕೊಂಡಿತ್ತು. ನನಗೆ ಅದರಲ್ಲಿ ನೋಡುವಂಥದ್ದು ಏನೂ ಕಾಣಲಿಲ್ಲ. ಬಟಾಟೆ ಕಾಂಡ ಎಂದು ಯಾರಿಗೆ ಹೇಳಲಿ? ಎದುರಿಗೆ ಕೂತ ತರಕಾರಿ ವ್ಯಾಪಾರಿಗೆ ಒಮ್ಮೆ ಹೇಳಿದೆ. "ಹಾಂ, ಇರಬೇಕ್ರಿ" ಎಂದ. ಒಪ್ಪುವವರ ಜೊತೆ ವಾದ ಮಾಡುವುದು ಹೇಗೆ? ಪದ್ಮಣ್ಣ ಇಲ್ಲದ ಬಾಕು ನನಗೆ ಬಹಳ ಅಗಲವಾಗಿ ತೋರುತ್ತಿತ್ತು. ಕಿಸೆಯಲ್ಲಿ ಚಾಕು ಮಾತ್ರ ಇತ್ತು, ಕೂತಾಗೊಮ್ಮೆ ತೊಡೆಗೆ ಒತ್ತುತ್ತಿತ್ತು. ಷರತ್ತು ಮುರಿಯಬಾರದೆಂದು ಹೊತ್ತುಕೊಂಡಿದ್ದೆನೇ ಹೊರತು ಅದನ್ನು ಬಿಡಿಸುವ ಮನಸ್ಸೇ ಆಗುತ್ತಿರಲಿಲ್ಲ. ಗುಮಾಸ್ತರು "ಬಘೂ" ಎಂದು ಬಂದರೆ ಮನೆಯಲ್ಲಿ ಬಿಟ್ಟು ಬಂದೆ ಎನ್ನುತ್ತಿದ್ದೆ.

ಅವ್ವ ಒಂದು ದಿನ ಕೇಳಿದಳು, "ಪದ್ಮಣ್ಣಗ ಚಾಕು ಹೆಂಗ ಕೊಟ್ಟಿದ್ದಿ?"

"ಕೈಯಾಗ."

ಅವಳು ಮತ್ತೇನೂ ಹೇಳಲಿಲ್ಲ. ಹೇಳಿದ್ದರೆ ವಾದಿಸಬಹುದಿತ್ತು.

ಪರ್ವ ಮುಗಿದು, ಹುಣ್ಣಿಮೆಯ ಮರುದಿನ ಅವರಲ್ಲಿ ಕ್ಷಮೆ ಕೇಳುವ ದಿನ. ಮನೆ ಮನೆಗೆ ಹೋಗಿ, ಹಿರಿಯರು ಕಿರಿಯರೆನ್ನದೆ, ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುತ್ತಾರೆ. ಪದ್ಮಣ್ಣ ಪ್ರತಿ ವರ್ಷ ಆ ಮುಂಜಾನೆ ಅನಗೋಳದಿಂದ ನಡೆದು ನಮ್ಮ ಮನೆಗೆ ಬರುತ್ತಿದ್ದರು. ಮೊದಲು ಅವ್ವನಿಗೆ, ಆಮೇಲೆ ನನಗೆ "ಉತ್ತಮ ಕ್ಷಮಾ" ಹೇಳಿ, ನಾಲ್ಕು ಪೇರಲ ಕೊಟ್ಟು ಹೋಗುತ್ತಿದ್ದರು. ಆ ವರ್ಷ ಬರುತ್ತಾರೋ ಇಲ್ಲವೋ? ಬರದಿದ್ದರೆ ಅದು ಅಲ್ಲಿಗೆ ಮುಗಿಯಿತು ಎಂದೇ ಅರ್ಥ. ನಾನು ಬೆಳಕು ಹರಿದಾಗಿನಿಂದ ಕಿಡಕಿಯ ಹತ್ತಿರ ಕೂತು ಚಾಕಿಗೆ ಕೊಬ್ಬರಿ ಎಣ್ಣೆ ಹಾಕುತ್ತಿದ್ದೆ. ಅದರ ಕೀಲುಗಳಿಗೆ ಎಣ್ಣೆ ಬೇಕಿರಲಿಲ್ಲ, ನನಗೆ ಕಿಡಕಿ ಬೇಕಿತ್ತು. "ಎಷ್ಟು ಎಣ್ಣಿ ಕುಡಸ್ತೀರಿ ಅದಕ್ಕ?" ಎಂದು ಗಿರಿಜೆ ಬಟ್ಟಲು ಎತ್ತಿಕೊಂಡು ಹೋದಳು.

ಬಂದರು. ಧೋತರ, ಬಿಳಿ ಅಂಗಿ, ಕೈಯಲ್ಲಿ ಚೀಲ. ಬಾಗಿಲಲ್ಲಿ ಚಪ್ಪಲಿ ಬಿಟ್ಟು ನೇರವಾಗಿ ಅವ್ವನ ಮುಂದೆ ಹೋಗಿ ಬಾಗಿದರು. ನನ್ನ ಕಡೆ ನೋಡಲಿಲ್ಲ.

"ಅವ್ವಾ, ಉತ್ತಮ ಕ್ಷಮಾ. ಏನರೆ ತಪ್ಪಾಗಿದ್ರ—"

"ತಪ್ಪು ನಿಂದೇನೈತೋ ತಮ್ಮಾ," ಅವ್ವ ಅವರ ಮಾತು ಮುಗಿಯಲು ಬಿಡಲಿಲ್ಲ. "ಉಳ್ಳಾಗಡ್ಡಿ ಹೆಚ್ಚಿದಾಕಿ ನಾನು. ಈ ಹುಚ್ಚಗ ಗೊತ್ತಿರಲಿಲ್ಲ. ಗಾಬರ್ಯಾದ್ರ ಹಲ್ಲು ಕಿಸೀತಾನ, ಸಣ್ಣಾಂವ ಇದ್ದಾಗಿಂದ ಹಂಗs. ನೀನs ನನಗ ಕ್ಷಮಾ ಮಾಡಬೇಕು."

ಪದ್ಮಣ್ಣ ಬಾಗಿದವರು ಹಾಗೆಯೇ ಇದ್ದರು. ಎದ್ದಾಗ ಅವರ ಮುಖ ಕೆಂಪಾಗಿತ್ತು. ನನ್ನ ಕಡೆ ತಿರುಗಿ ಕೈ ಮುಗಿದರು. ನಾನೂ ಮುಗಿದೆ. ಏನಾದರೂ ಮಾಡಬೇಕಲ್ಲ, ಅವರು ಚೀಲದಿಂದ ಒಂದು ಪೇರಲ ತೆಗೆದರು. ನಾನು ಸಂತೋಷದ ಭರದಲ್ಲಿ ಚಾಕು ಬಿಡಿಸಿ ಅವರ ಕಡೆ ಚಾಚಿದೆ.

"ಕೆಳಗ ಇಡೋ!" ಎಂದು ಅವ್ವ ಗದರಿದಳು.

ಈ ಸಲ ನಾನು ಭೌತಶಾಸ್ತ್ರ ತೆಗೆಯಲಿಲ್ಲ. ಇಬ್ಬರ ನಡುವಿನ ಕಲ್ಲುಹಾಸಿನ ಮೇಲೆ ಇಟ್ಟೆ. ಇಡಬೇಕಾದರೆ ಕೈ ಬಿಡಲೇಬೇಕು. ಪದ್ಮಣ್ಣ ಒಂದು ಕ್ಷಣ ಅದನ್ನು ನೋಡುತ್ತ ನಿಂತರು. ಅಷ್ಟು ಹೊತ್ತು ಅದು ನನ್ನದೂ ಆಗಿರಲಿಲ್ಲ, ಅವರದೂ ಆಗಿರಲಿಲ್ಲ. ಬೇಡ ಅನ್ನಿಸಿದ್ದರೆ ಬಿಟ್ಟು ಹೋಗಬಹುದಿತ್ತು. ಕೈಗೆ ಕೊಟ್ಟಿದ್ದರೆ ಆ ಅವಕಾಶ ಅವರಿಗೆಲ್ಲಿತ್ತು? ಅವರು ಬಾಗಿ ಎತ್ತಿಕೊಂಡರು. ನನಗೆ ಕಣ್ಣು ತುಂಬಿ ಬಂತು. ನಗು ಬರಲಿಲ್ಲ, ಅದೇ ದೊಡ್ಡ ಪುಣ್ಯ.

ಅವತ್ತಿನ ರೈಲಿನಲ್ಲಿ ಹೋಗುವಾಗ ಕಿಡಕಿಯ ಜಾಗ ಅವರಿಗೆ ಬಿಟ್ಟೆ. ಖಾನಾಪುರ ಬರುವಷ್ಟರಲ್ಲಿ ಬಟಾಟೆ ಮತ್ತೆ ಕಾಂಡವಾಗಿತ್ತು.

ಮಹಾನವಮಿ ಅಮಾವಾಸ್ಯೆಯ ದಿನ ಗಿರಿಜೆ ವಿಚಾರಣೆಗೆ ಕೂತಳು. ಇದಿಲ್ಲದೆ ಆಗದಂಥ ಕೆಲಸ ಯಾವುದಾಯಿತು? ನಾನು ಯೋಚಿಸಿದೆ. ರೇಡಿಯೋ ಮಳೆಗೆ ಹೋಯಿತು, ಬಾವುಟ ಎದುರು ಮನೆಯ ಹುಡುಗಿಗೆ ಹೋಯಿತು. ಹುಳ ಹುಡುಕಲು ಪೇಟೆಯ ಯಾವ ಚಾಕಾದರೂ ಆಗುತ್ತಿತ್ತು.

"ಜಗಳ," ಅಂದೆ. "ಪದ್ಮಣ್ಣನ ಜೋಡಿ ಇಷ್ಟು ವರ್ಷದಾಗ ಆಗದ ಜಗಳ. ಅದು ಇದಿಲ್ಲದ ಆಗತಿರಲಿಲ್ಲ."

ಗಿರಿಜೆ ನ್ಯಾಯವಂತೆ. ಅದು ಕೆಲಸವೇ ಎಂದು ಸ್ವಲ್ಪ ಹೊತ್ತು ವಿಚಾರ ಮಾಡಿ, ಒಪ್ಪಿಕೊಂಡಳು. ಚಾಕು ನನ್ನದಾಯಿತು. ನನ್ನದಾದ ಮೇಲೆ ಅದನ್ನು ಕಿಸೆಯಿಂದ ತೆಗೆದು ಪಡಸಾಲೆಯ ಗೂಡಿನಲ್ಲಿಟ್ಟೆ. ಈಗಲೂ ಅಲ್ಲೇ ಇದೆ. ಯಾರಿಗೆ ಬೇಕೋ ಅವರು ಎತ್ತಿಕೊಳ್ಳುತ್ತಾರೆ, ಕೆಲಸ ಮುಗಿದ ಮೇಲೆ ಅಲ್ಲೇ ಇಡುತ್ತಾರೆ. ಅವ್ವ ಮಾತ್ರ ಮುಟ್ಟುವುದಿಲ್ಲ, ಅವಳಿಗೆ ಈಳಿಗೆ ಇದೆ.

ಪದ್ಮಣ್ಣ ಪ್ರತಿ ವರ್ಷ ಹುಣ್ಣಿಮೆಯ ಮರುದಿನ ತಪ್ಪದೆ ಬರುತ್ತಾರೆ. ಅವ್ವನಿಗೆ ಬಾಗುತ್ತಾರೆ, ನನಗೆ ಕೈ ಮುಗಿಯುತ್ತಾರೆ, ಎಲ್ಲ ತಪ್ಪುಗಳನ್ನೂ ಮನಸಾರೆ ಕ್ಷಮಿಸುತ್ತಾರೆ. ಆಮೇಲೆ ಗೂಡಿನಿಂದ ಚಾಕು ತಾವೇ ತೆಗೆದುಕೊಂಡು, ಅಲಗು ಬಿಡಿಸಿ, ಹಣ್ಣಿಗೆ ಹಚ್ಚುವ ಮೊದಲು ಒಂದು ಸಲ ಮೂಸಿ ನೋಡುತ್ತಾರೆ.